ಹೆಸರಿಟ್ಟವನ ಕಥೆ: ಕಾರ್ಲ್ ಲಿನ್ನೇಯಸ್

ಅಡಿಕೆಯ ಮಾತನ್ನೇ ತೆಗೆದುಕೊಳ್ಳೋಣ. ಕನ್ನಡದಲ್ಲಿ ಅದು ಅಡಿಕೆ, ತುಳುವಿನಲ್ಲಿ ಬಜ್ಜೆಯಿ, ಮಲೆಯಾಳದಲ್ಲಿ ಅಡಕ್ಕ, ಕೊಂಕಣಿಯಲ್ಲಿ ಫೊಪ್ಪಳ. ಕಾಸರಗೋಡಿನ ಒಂದೇ ಸಂತೆಯಲ್ಲಿ ಈ ನಾಲ್ಕು ಹೆಸರುಗಳೂ ಕಿವಿಗೆ ಬೀಳುತ್ತವೆ. ಹಲವು ಭಾಷೆಗಳ ನಡುವೆ ಬೆಳೆದ ನಮಗೆ ಇದರಿಂದ ತೊಂದರೆಯೇನೂ ಆಗುವುದಿಲ್ಲ. ಆದರೆ ಪರಊರಿನ ವೈದ್ಯನೊಬ್ಬನು ಪತ್ರ ಬರೆದು ಒಂದು ಬೇರನ್ನೋ ತೊಗಟೆಯನ್ನೋ ಕೇಳಿದಾಗ, ಹೆಸರು ತಪ್ಪಿ ಬೇರೊಂದು ಗಿಡದ ಬೇರು ಅವನ ಕೈಸೇರಿದರೆ ರೋಗಿಯ ಗತಿಯೇನು? ಮುನ್ನೂರು ವರ್ಷಗಳ ಹಿಂದೆ ಯೂರೋಪಿನ ವಿದ್ವಾಂಸರ ಪಾಡು ಇದೇ ಆಗಿತ್ತು. ಒಂದೇ ಗಿಡಕ್ಕೆ ಊರಿಗೊಂದು ಹೆಸರು, ಪುಸ್ತಕಕ್ಕೊಂದು ಹೆಸರು. ಈ ಗೊಂದಲವನ್ನು ತಿದ್ದಿ, ಭೂಮಿಯ ಮೇಲಿನ ಸಸ್ಯಗಳನ್ನೂ ಪ್ರಾಣಿಗಳನ್ನೂ ಗುಂಪು ಗುಂಪಾಗಿ ಜೋಡಿಸಿ, ಪ್ರತಿಯೊಂದಕ್ಕೂ ಎರಡೇ ಪದಗಳ ಹೆಸರಿಟ್ಟ ಮಹಾನುಭಾವನೇ ಸ್ವೀಡನ್ ದೇಶದ ಕಾರ್ಲ್ ಲಿನ್ನೇಯಸ್.

ಲಿನ್ನೇಯಸನು ಹುಟ್ಟಿದ್ದು 1707ನೇ ಇಸವಿ ಮೇ 23ರಂದು, ದಕ್ಷಿಣ ಸ್ವೀಡನ್ನಿನ ರೋಸ್‌ಹುಲ್ಟ್ ಎಂಬ ಹಳ್ಳಿಯಲ್ಲಿ. ತಂದೆ ನಿಲ್ಸ್ ಬಡ ಪಾದ್ರಿ, ಆದರೆ ಹೂದೋಟವೆಂದರೆ ಪ್ರಾಣ. ಆ ಮನೆತನಕ್ಕೆ ಮೊದಲು ಕುಲನಾಮವೇ ಇರಲಿಲ್ಲ. ನಿಲ್ಸನು ವಿಶ್ವವಿದ್ಯಾನಿಲಯಕ್ಕೆ ಸೇರುವಾಗ ಹೆಸರೊಂದು ಬೇಕಾಗಿ ಬಂದು, ತನ್ನ ಹಿತ್ತಿಲಿನಲ್ಲಿದ್ದ ದೊಡ್ಡದೊಂದು ಲಿಂಡನ್ ಮರದ ಹೆಸರನ್ನೇ ಲ್ಯಾಟಿನ್ ರೂಪಕ್ಕೆ ತಿರುಗಿಸಿ ಲಿನ್ನೇಯಸ್ ಎಂದು ಇಟ್ಟುಕೊಂಡನಂತೆ. ಗಿಡಗಳಿಗೆ ಹೆಸರಿಡಬೇಕಾದವನ ಹೆಸರೇ ಒಂದು ಮರದಿಂದ ಬಂದುದು ಸೋಜಿಗವಲ್ಲವೇ? ಮಗುವಾಗಿದ್ದಾಗ ಕಾರ್ಲ್ ಅತ್ತರೆ ಕೈಗೊಂದು ಹೂವನ್ನು ಕೊಟ್ಟು ಸುಮ್ಮನಾಗಿಸುತ್ತಿದ್ದರೆಂದು ಹೇಳುತ್ತಾರೆ.

ತಂದೆತಾಯಿಗಳಿಗೆ ಮಗ ತಮ್ಮಂತೆಯೇ ಪಾದ್ರಿಯಾಗಬೇಕೆಂಬ ಆಸೆ. ಅದಕ್ಕಾಗಿ ವೆಕ್ಷೊ ಪಟ್ಟಣದ ಶಾಲೆಗೆ ಕಳುಹಿಸಿದರು. ಹುಡುಗನಿಗೋ ಧರ್ಮಶಾಸ್ತ್ರವೂ ಹೀಬ್ರೂ ಭಾಷೆಯೂ ತಲೆಗೆ ಹತ್ತಲಿಲ್ಲ. ಬಿಡುವು ಸಿಕ್ಕಿದರೆ ಹೊಲಗದ್ದೆಗಳಲ್ಲಿ ಗಿಡಗಳನ್ನು ಹುಡುಕುತ್ತ ಅಲೆದಾಟ. 1726ರಲ್ಲಿ ಮಗನ ಪ್ರಗತಿಯನ್ನು ವಿಚಾರಿಸಲು ತಂದೆ ಶಾಲೆಗೆ ಬಂದಾಗ, ಈ ಹುಡುಗನಿಗೆ ಓದು ಹೇಳಿದ್ದಲ್ಲ, ಯಾವುದಾದರೂ ಕಸುಬಿಗೆ ಹಚ್ಚುವುದೇ ಲೇಸೆಂದು ಅಧ್ಯಾಪಕರು ತೀರ್ಪಿತ್ತರು. ಆ ದಿನ ಆ ಬಡ ತಂದೆಯ ಮನಸ್ಸು ಹೇಗಾಗಿರಬೇಕೆಂಬುದನ್ನು ನಮ್ಮ ಓದುಗರಾದ ಹೆತ್ತವರು ನಮಗಿಂತ ಚೆನ್ನಾಗಿ ಬಲ್ಲರು. ವರ್ಷಗಟ್ಟಲೆ ಹೊಟ್ಟೆಬಟ್ಟೆ ಕಟ್ಟಿ ಓದಿಸಿದ ಮಗ ಚಮ್ಮಾರಿಕೆಗೋ ದರ್ಜಿಯ ಕೆಲಸಕ್ಕೋ ಹೋಗಬೇಕೆಂದರೆ ಸಣ್ಣ ಮಾತೇ?

ಅದೇ ಪಟ್ಟಣದಲ್ಲಿ ರೋತ್‌ಮನ್ ಎಂಬ ವೈದ್ಯನಿದ್ದನು. ಆತ ಆ ಶಾಲೆಯಲ್ಲಿ ಪಾಠವನ್ನೂ ಹೇಳುತ್ತಿದ್ದನು. ತನ್ನ ಕಾಯಿಲೆಯನ್ನು ತೋರಿಸಲು ಹೋದ ನಿಲ್ಸನು ಮಗನ ಸಂಗತಿಯನ್ನೂ ಹೇಳಿಕೊಂಡನು. ಹುಡುಗನು ಪಾದ್ರಿಯಾಗಲಾರನು ನಿಜ, ಆದರೆ ಒಳ್ಳೆಯ ವೈದ್ಯನಾಗಬಲ್ಲನು ಎಂದು ರೋತ್‌ಮನ್ ಧೈರ್ಯ ಹೇಳಿದ್ದಲ್ಲದೆ, ಹುಡುಗನನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಕಾಸಿಲ್ಲದೆ ಪಾಠ ಹೇಳಿದನು. ಹೂವಿನ ಕೇಸರಗಳನ್ನೂ ಶಲಾಕೆಯನ್ನೂ ನೋಡಿ ಗಿಡವನ್ನು ಗುರುತಿಸುವ ಕ್ರಮವನ್ನು ಕಾರ್ಲ್ ಕಲಿತದ್ದು ಇಲ್ಲಿಯೇ. ಇತ್ತ ತಾಯಿಗೆ ಮಾತ್ರ ಸಮಾಧಾನವಾಗಲಿಲ್ಲ. ಕಿರಿಮಗ ಸಾಮುಯೆಲನು ತೋಟಕ್ಕೆ ಕಾಲಿಡಕೂಡದೆಂದು ಆಕೆ ಕಟ್ಟಪ್ಪಣೆ ಮಾಡಿದಳಂತೆ! ಸಾಮುಯೆಲ್ ಪಾದ್ರಿಯೇನೋ ಆದನು. ಆದರೆ ಜೇನುಸಾಕಣೆಯ ಮೇಲೆ ಒಂದು ಪುಸ್ತಕವನ್ನೂ ಬರೆದನು. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ?

1727ರಲ್ಲಿ ಲಿನ್ನೇಯಸನು ಲುಂಡ್ ವಿಶ್ವವಿದ್ಯಾನಿಲಯಕ್ಕೆ ಸೇರಿದನು. ಅಲ್ಲಿ ಸ್ಟೊಬೇಯಸ್ ಎಂಬ ವೈದ್ಯನ ಮನೆಯಲ್ಲಿ ವಾಸ. ಆ ಮನೆಯ ಗ್ರಂಥಭಂಡಾರಕ್ಕೆ ಎಲ್ಲರಿಗೂ ಪ್ರವೇಶವಿರಲಿಲ್ಲ. ಇನ್ನೊಬ್ಬ ವಿದ್ಯಾರ್ಥಿಯನ್ನು ಒಲಿಸಿಕೊಂಡು ಗುಟ್ಟಾಗಿ ಪುಸ್ತಕಗಳನ್ನು ತರಿಸಿ, ರಾತ್ರಿಯೆಲ್ಲ ಓದಿ, ಬೆಳಗಾಗುವಷ್ಟರಲ್ಲಿ ಹಿಂದಿರುಗಿಸುವುದು ಈತನ ಪರಿಪಾಠವಾಯಿತು. ಹುಡುಗನ ಕೋಣೆಯಲ್ಲಿ ಇರುಳಿಡೀ ದೀಪ ಉರಿಯುವುದನ್ನು ಕಂಡು, ಬೆಂಕಿ ಬಿದ್ದೀತೆಂಬ ಭಯದಿಂದ ಮನೆಯ ಮುದುಕಿ ಮಗನಿಗೆ ದೂರಿತ್ತಳು. ನಡುರಾತ್ರಿ ಹಿಡಿಯಲು ಬಂದ ಸ್ಟೊಬೇಯಸನಿಗೆ ಕಂಡದ್ದು ನಿದ್ದೆಹೋದ ಹುಡುಗನಲ್ಲ, ತನ್ನದೇ ಪುಸ್ತಕಗಳ ನಡುವೆ ಮುಳುಗಿದ್ದ ಹುಡುಗ. ಮರುದಿನದಿಂದ ಭಂಡಾರದ ಬೀಗದ ಕೈಯೇ ಆತನಿಗೆ ದೊರೆಯಿತು.

ಮರುವರ್ಷ ಉಪ್ಸಾಲ ವಿಶ್ವವಿದ್ಯಾನಿಲಯಕ್ಕೆ ಹೋದಾಗ ಬಡತನ ಬೆನ್ನು ಹತ್ತಿತು. ಹರಿದ ಪಾದರಕ್ಷೆಗೆ ಕಾಗದವನ್ನು ತುರುಕಿಕೊಂಡು ನಡೆದನೆಂಬ ಮಾತುಂಟು. ಅಲ್ಲಿನ ತೋಟದಲ್ಲಿ ಗಿಡವೊಂದನ್ನು ಪರೀಕ್ಷಿಸುತ್ತ ನಿಂತಿದ್ದ ಈ ಬಡಕಲು ವಿದ್ಯಾರ್ಥಿಯನ್ನು ಓಲೊಫ್ ಸೆಲ್ಸಿಯಸ್ ಎಂಬ ಹಿರಿಯ ಪಂಡಿತನು ಕಂಡು ಮಾತನಾಡಿಸಿ, ತನ್ನ ಮನೆಗೆ ಕರೆದೊಯ್ದು ಅನ್ನವಿಕ್ಕಿದನು. 1730ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಆ ತೋಟದಲ್ಲಿ ಸಸ್ಯಶಾಸ್ತ್ರದ ಪಾಠ ಹೇಳುವ ಕೆಲಸ ಲಿನ್ನೇಯಸನಿಗೆ ಸಿಕ್ಕಿತು. ಕೇಳಲು ಬಂದವರು ನೂರಾರು ಮಂದಿ.

ಉಪ್ಸಾಲದಲ್ಲಿ ಪೀಟರ್ ಆರ್ಟೆಡಿ ಎಂಬ ಗೆಳೆಯನು ದೊರೆತನು. ಇಬ್ಬರೂ ಸೃಷ್ಟಿಯನ್ನೇ ತಮ್ಮೊಳಗೆ ಪಾಲು ಮಾಡಿಕೊಂಡರೆಂದರೂ ಸಲ್ಲುತ್ತದೆ. ಮೀನುಗಳು ಆರ್ಟೆಡಿಗೆ, ಹಕ್ಕಿಗಳೂ ಕೀಟಗಳೂ ಬಹುಪಾಲು ಗಿಡಗಳೂ ಲಿನ್ನೇಯಸನಿಗೆ. ಇಬ್ಬರಲ್ಲಿ ಮೊದಲು ಸತ್ತವನ ಬರಹವನ್ನು ಉಳಿದವನು ಅಚ್ಚು ಹಾಕಿಸಬೇಕೆಂದು ಮಾತು ಕೊಟ್ಟುಕೊಂಡರು. 1735ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಒಂದು ರಾತ್ರಿ ಊಟ ಮುಗಿಸಿ ಮರಳುತ್ತಿದ್ದ ಆರ್ಟೆಡಿ ಕತ್ತಲಲ್ಲಿ ಕಾಲುವೆಗೆ ಬಿದ್ದು ಮೃತನಾದನು. ಆಗ ಆತನಿಗೆ ಮೂವತ್ತು. ಬಾಡಿಗೆಯ ಬಾಕಿಗಾಗಿ ಮನೆಯ ಯಜಮಾನನು ಹಿಡಿದಿಟ್ಟುಕೊಂಡಿದ್ದ ಕಾಗದಪತ್ರಗಳನ್ನು ಬಿಡಿಸಿಕೊಂಡು, 1738ರಲ್ಲಿ ಲಿನ್ನೇಯಸನು ಗೆಳೆಯನ ಮೀನುಗಳ ಗ್ರಂಥವನ್ನು ಪ್ರಕಟಿಸಿ ಮಾತನ್ನುಳಿಸಿಕೊಂಡನು.

ಅದಕ್ಕೆ ಮುಂಚೆ 1732ರಲ್ಲಿ ಆತನು ಲ್ಯಾಪ್‌ಲೆಂಡಿಗೆ ಹೋಗಿಬಂದ ಕಥೆಯನ್ನು ಹೇಳಲೇಬೇಕು. ಸ್ವೀಡನ್ನಿನ ಉತ್ತರ ತುದಿಯ ಆ ಹಿಮದ ನಾಡಿಗೆ ಒಬ್ಬನೇ ಹೊರಟು, ಐದು ತಿಂಗಳು ಕುದುರೆಯ ಮೇಲೆಯೂ ಕಾಲ್ನಡಿಗೆಯಲ್ಲಿಯೂ ಅಲೆದು, ಹಿಮಸಾರಂಗಗಳನ್ನು ಸಾಕುವ ಸಾಮಿ ಜನರೊಡನೆ ಉಂಡು ಮಲಗಿ, ಅವರ ಔಷಧ, ಆಹಾರ, ಉಡುಗೆಗಳನ್ನೆಲ್ಲ ಬರೆದುಕೊಂಡನು. ದಾರಿಯಲ್ಲಿ ಸತ್ತ ಕುದುರೆಯೊಂದರ ದವಡೆಯನ್ನು ಕಂಡಾಗ, ಪ್ರತಿಯೊಂದು ಪ್ರಾಣಿಗೆ ಎಷ್ಟು ಹಲ್ಲು, ಎಷ್ಟು ಮೊಲೆ ಎಂಬುದು ತಿಳಿದರೆ ನಾಲ್ಕು ಕಾಲಿನ ಪ್ರಾಣಿಗಳನ್ನೆಲ್ಲ ಗುಂಪು ಮಾಡಬಹುದಲ್ಲ ಎಂದು ಆತನಿಗೆ ಹೊಳೆಯಿತು. ಕಾಡಿನ ನೆಲದಲ್ಲಿ ಜೋಡಿ ಜೋಡಿಯಾಗಿ ಅರಳುವ ನಸುಗೆಂಪು ಹೂವೊಂದು ಆತನಿಗೆ ಬಹಳ ಪ್ರಿಯವಾಗಿತ್ತು. ಡಚ್ ಮಿತ್ರ ಗ್ರೊನೋವಿಯಸ್ ಅದಕ್ಕೆ ಲಿನ್ನೇಯಾ ಎಂದೇ ಹೆಸರಿಟ್ಟನು.

1735ರಲ್ಲಿ ಸಾರಾ ಲೀಸಾ ಎಂಬ ವೈದ್ಯನ ಮಗಳೊಡನೆ ವಿವಾಹ ನಿಶ್ಚಯವಾಯಿತು. ಪದವಿ ಪಡೆದು ಬಂದ ಮೇಲೆಯೇ ಮದುವೆ ಎಂದು ಮಾವ ನಿಬಂಧನೆ ಹಾಕಿದನು. ಲಿನ್ನೇಯಸನು ಹಾಲೆಂಡಿಗೆ ಹೊರಟನು. ದಾರಿಯಲ್ಲಿ ಹ್ಯಾಂಬರ್ಗ್ ನಗರದಲ್ಲಿ ಏಳು ಹೆಡೆಯ ಸರ್ಪವೊಂದರ ಒಣಗಿದ ದೇಹವನ್ನು ಭಾರಿ ಬೆಲೆಗೆ ಮಾರಲು ಇಟ್ಟಿದ್ದರು. ದೊಡ್ಡದೊಡ್ಡವರೆಲ್ಲ ನಂಬಿ ಬೆರಗಾಗಿದ್ದ ಆ ವಸ್ತುವನ್ನು ಲಿನ್ನೇಯಸನು ಹತ್ತಿರದಿಂದ ನೋಡಿದನು. ಬಾಯಿಗಳಲ್ಲಿ ಇದ್ದದ್ದು ಮುಂಗುಸಿಯಂಥ ಸಣ್ಣ ಪ್ರಾಣಿಗಳ ದವಡೆ, ಮೈಮೇಲೆ ಅಂಟಿಸಿದ್ದು ಹಾವಿನ ಚರ್ಮ! ಮೋಸವನ್ನು ಬಯಲುಮಾಡಿದ ಮೇಲೆ ಆ ಊರಿನಲ್ಲಿ ನಿಲ್ಲುವುದು ಕ್ಷೇಮವಲ್ಲವೆಂದು ಬೇಗನೆ ಜಾಗ ಖಾಲಿಮಾಡಬೇಕಾಯಿತು.

ಹಾಲೆಂಡಿನ ಹಾರ್ಡರ್‌ವೈಕಿನಲ್ಲಿ ವೈದ್ಯಪದವಿ ಕೆಲವೇ ದಿನಗಳಲ್ಲಿ ದೊರೆಯಿತು. ಅದೇ ವರ್ಷ ಲೈಡನ್ ನಗರದಲ್ಲಿ ಸಿಸ್ಟೆಮಾ ನ್ಯಾಚುರೇ ಎಂಬ ಆತನ ಪುಸ್ತಕ ಅಚ್ಚಾಯಿತು. ಪುಸ್ತಕವೆಂದರೆ ಹತ್ತು ಹನ್ನೆರಡು ದೊಡ್ಡ ಪುಟಗಳಷ್ಟೆ. ಅಷ್ಟರಲ್ಲೇ ಖನಿಜ, ಸಸ್ಯ, ಪ್ರಾಣಿ ಎಂಬ ಮೂರು ಸಾಮ್ರಾಜ್ಯಗಳೂ ಪಟ್ಟಿಯಾಗಿ ನಿಂತಿದ್ದುವು. ಮುಂದೆ ಆತನ ಜೀವಮಾನದ ಕೊನೆಯ ಪರಿಷ್ಕರಣದ ಹೊತ್ತಿಗೆ ಅದು ಮೂರು ಸಂಪುಟಗಳಾಗಿ ಎರಡು ಸಾವಿರ ಪುಟಗಳನ್ನು ದಾಟಿತು. ಕ್ಲಿಫರ್ಡ್ ಎಂಬ ಶ್ರೀಮಂತನು ತನ್ನ ತೋಟದ ಮೇಲ್ವಿಚಾರಣೆಗೆ ಈತನನ್ನು ಇಟ್ಟುಕೊಂಡನು. ಅಲ್ಲಿನ ಗಾಜಿನ ಮನೆಯಲ್ಲಿ ಬಾಳೆಯೊಂದಿತ್ತು. ಹಾಲೆಂಡಿನ ಚಳಿಗೆ ಅದು ಹೂ ಬಿಡುತ್ತಿರಲಿಲ್ಲ. ಲಿನ್ನೇಯಸನು ಮಣ್ಣನ್ನು ಮೊದಲು ಒಣಗಲು ಬಿಟ್ಟು, ಆಮೇಲೆ ಯಥೇಚ್ಛ ನೀರು ಹಾಯಿಸಿ, ಹೂವನ್ನೂ ಹಣ್ಣನ್ನೂ ಪಡೆದು, ಅದರ ಮೇಲೊಂದು ಗ್ರಂಥವನ್ನೇ ಬರೆದನು. ಹಿತ್ತಿಲಿನ ಬಾಳೆಗೊನೆಯನ್ನು ದಿನಾ ಕಾಣುವ ನಮಗೆ ನಗು ಬಂದರೂ, ಆ ದೇಶದಲ್ಲಿ ಅದೊಂದು ಪವಾಡವೇ ಆಗಿತ್ತು.

1738ರಲ್ಲಿ ತಾಯ್ನಾಡಿಗೆ ಮರಳಿ, ಮರುವರ್ಷ ಮದುವೆಯಾಗಿ, 1741ರಲ್ಲಿ ಉಪ್ಸಾಲದಲ್ಲಿ ಪ್ರಾಧ್ಯಾಪಕನಾದನು. ಶನಿವಾರ ಬಂತೆಂದರೆ ವಿದ್ಯಾರ್ಥಿಗಳ ದೊಡ್ಡ ದಂಡಿನೊಡನೆ ಹೊಲಕಾಡುಗಳಿಗೆ ಹೊರಡುವನು. ಅಪರೂಪದ ಗಿಡ ಸಿಕ್ಕಿದರೆ ಕಹಳೆ ಊದಿ ಎಲ್ಲರನ್ನೂ ಕರೆಯುವುದು. ಸಂಜೆ ಟೋಪಿಗಳಿಗೆ ಹೂ ಸಿಕ್ಕಿಸಿಕೊಂಡು, ಡೋಲು ಬಾರಿಸುತ್ತ, ಗುರುವಿಗೆ ಜಯಕಾರ ಹಾಕುತ್ತ ಊರಿಗೆ ಮರಳುವುದು. ಇಂಥ ಮೆರವಣಿಗೆಯ ಪಾಠ ಕೆಲವು ಗಂಭೀರ ಪಂಡಿತರಿಗೆ ಹಿಡಿಸಲಿಲ್ಲ. ನಮಗಂತೂ ಬಹಳ ಹಿಡಿಸುತ್ತದೆ.

ಈಗ ಆತನ ಮುಖ್ಯ ಕೆಲಸಕ್ಕೆ ಬರೋಣ. ಆ ಕಾಲದಲ್ಲಿ ಗಿಡದ ಹೆಸರೆಂದರೆ ಒಂದು ಉದ್ದದ ವರ್ಣನೆ. ಗುಪ್ಪಟೆ ಹಣ್ಣಿನ ಜಾತಿಯ ಒಂದು ಗಿಡವನ್ನು ಹೆಸರಿಸಬೇಕಾದರೆ, ಒಂದು ವರ್ಷ ಬಾಳುವ, ಬಹಳ ಕವಲೊಡೆಯುವ, ನುಣುಪಾದ ಕೋನಗಳುಳ್ಳ ಕೊಂಬೆಗಳ, ಗರಗಸದಂಥ ಅಂಚಿನ ಎಲೆಗಳ ಫೈಸಾಲಿಸ್ ಎಂದು ಲ್ಯಾಟಿನ್ನಿನಲ್ಲಿ ಒಂದೇ ಉಸಿರಿಗೆ ಹೇಳಬೇಕಿತ್ತು. ಲಿನ್ನೇಯಸನು ಅದನ್ನು ಫೈಸಾಲಿಸ್ ಆಂಗ್ಯುಲೇಟಾ ಎಂದು ಎರಡು ಪದಗಳಿಗೆ ಇಳಿಸಿದನು. ಮೊದಲನೆಯ ಪದ ಕುಲದ್ದು, ಎರಡನೆಯದು ಅದರೊಳಗಿನ ಜಾತಿಯದು. ನಮ್ಮಲ್ಲಿ ಮನೆತನದ ಹೆಸರಿನ ಜೊತೆಗೆ ವ್ಯಕ್ತಿಯ ಹೆಸರು ಇರುವಂತೆಯೇ ಇದು. ನಾಯಿ, ತೋಳ, ನರಿ ಮೂರಕ್ಕೂ ಆತನು ಕೇನಿಸ್ ಎಂಬ ಒಂದೇ ಮನೆತನದ ಹೆಸರನ್ನಿತ್ತನು. ಹತ್ತಿರದ ಕುಲಗಳು ಸೇರಿ ಒಂದು ಗಣ, ಗಣಗಳು ಸೇರಿ ಒಂದು ವರ್ಗ, ವರ್ಗಗಳು ಸೇರಿ ಒಂದು ಸಾಮ್ರಾಜ್ಯ. ಇಂದು ನಾವು ಪಾಠದಲ್ಲಿ ಓದುವ ವಂಶ, ಕುಟುಂಬ ಎಂಬ ಮೆಟ್ಟಿಲುಗಳು ಆತನ ಅನಂತರ ಸೇರಿದವು. 1753ರ ಸ್ಪೀಶೀಸ್ ಪ್ಲಾಂಟಾರಮ್ ಗ್ರಂಥದಲ್ಲಿ ಸುಮಾರು ಆರು ಸಾವಿರ ಸಸ್ಯಗಳಿಗೂ, 1758ರಲ್ಲಿ ಬಂದ ಸಿಸ್ಟೆಮಾದ ಹತ್ತನೆಯ ಆವೃತ್ತಿಯಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕ ಪ್ರಾಣಿಗಳಿಗೂ ಈ ರೀತಿ ಹೆಸರಾಯಿತು. ಮೊದಲು ಮೀನುಗಳೊಡನೆ ಸೇರಿಸಿದ್ದ ತಿಮಿಂಗಿಲವನ್ನು, ಅದು ಮರಿಗೆ ಹಾಲೂಡುತ್ತದೆಂಬ ಕಾರಣದಿಂದ, ಈ ಹತ್ತನೆಯ ಆವೃತ್ತಿಯಲ್ಲಿ ಸಸ್ತನಿಗಳ ಸಾಲಿಗೆ ತಂದನು.

ಹೂವಿನಲ್ಲಿ ಎಷ್ಟು ಕೇಸರಗಳು, ಅವು ಬಿಡಿಯೋ ಕೂಡಿದವೋ ಎಂದು ನೋಡಿ ಸಸ್ಯಗಳನ್ನೆಲ್ಲ 24 ವರ್ಗಗಳನ್ನಾಗಿ ಮಾಡಿದ್ದು ಆತನ ಇನ್ನೊಂದು ಸಾಧನೆ. ಎಣಿಸಲು ಬಂದರೆ ಸಾಕು, ಯಾರು ಬೇಕಾದರೂ ಗಿಡದ ವರ್ಗವನ್ನು ಕಂಡುಹಿಡಿಯಬಹುದಾಗಿತ್ತು. ಹೂವುಗಳಲ್ಲಿ ಗಂಡು ಹೆಣ್ಣುಗಳ ಮಾತನ್ನಾಡುವುದೇ ಅಸಭ್ಯವೆಂದು ಸೀಗೆಸ್‌ಬೆಕ್ ಎಂಬ ಪಂಡಿತನು ಕಟುವಾಗಿ ಟೀಕಿಸಿದನು. ಮೈಗೆ ಅಂಟಿಕೊಳ್ಳುವ, ಚೆಲುವಿಲ್ಲದ ಒಂದು ಕಳೆಗೆ ಲಿನ್ನೇಯಸನು ಇಟ್ಟ ಸೀಗೆಸ್‌ಬೆಕಿಯಾ ಎಂಬ ಹೆಸರು ಇಂದಿಗೂ ಉಳಿದಿದೆ! ಆದರೆ ಈ ಎಣಿಕೆಯ ಕ್ರಮ ಅನುಕೂಲಕ್ಕಾಗಿ ಮಾಡಿದ್ದೇ ಹೊರತು ನಿಜವಾದ ನೆಂಟಸ್ತಿಕೆಯನ್ನು ತೋರಿಸುತ್ತಿರಲಿಲ್ಲ. ಎಲ್ಲೆಲ್ಲಿಯ ಗಿಡಗಳೋ ಒಂದೇ ವರ್ಗದಲ್ಲಿ ಕೂಡಿಕೊಳ್ಳುತ್ತಿದ್ದುವು. ತೆಂಗು, ಅಡಿಕೆಗಳಂತೂ ಆ 24ರಲ್ಲಿ ಎಲ್ಲಿಯೂ ಹೊಂದದೆ 1753ರ ಗ್ರಂಥದ ಕೊನೆಯ ಅನುಬಂಧದಲ್ಲಿ ಕುಳಿತಿವೆ. ಆ ಕ್ರಮವನ್ನು ಮುಂದಿನವರು ಕೈಬಿಟ್ಟರು, ಎರಡು ಪದದ ಹೆಸರನ್ನು ಮಾತ್ರ ಯಾರೂ ಬಿಡಲಿಲ್ಲ.

ಲಿನ್ನೇಯಸನು ಭಾರತಕ್ಕೆ ಬಂದವನಲ್ಲ. ಆದರೂ ನಮ್ಮ ಕರಾವಳಿಯ ಗಿಡಗಳು ಆತನಿಗೆ ಹೇಗೆ ತಿಳಿದವು? ಅದಕ್ಕೆ ಕಾರಣ ಹೋರ್ಟಸ್ ಮಲಬಾರಿಕಸ್ ಎಂಬ ಹನ್ನೆರಡು ಸಂಪುಟಗಳ ಗ್ರಂಥ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬವನು ಮಾಡಿಸಿದ ಈ ಗ್ರಂಥ 1678ರಿಂದ 1693ರ ವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರಲ್ಲಿನ ಜ್ಞಾನವೆಲ್ಲ ಈ ನೆಲದ್ದು. ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಪಂಡಿತರೂ ಗಿಡಗಳ ಹೆಸರನ್ನೂ ಗುಣವನ್ನೂ ತಿಳಿಸಿದರು. ತಾನು ಹೆಚ್ಚು ನಂಬುವ ಕೆಲವೇ ಪುಸ್ತಕಗಳಲ್ಲಿ ಲಿನ್ನೇಯಸನು ಇದನ್ನೂ ಎಣಿಸಿದ್ದನು. ಕುಲಗಳಿಗೆ ಲ್ಯಾಟಿನ್ ಗ್ರೀಕ್ ಹೆಸರೇ ಇರಬೇಕು, ಪರದೇಶಗಳ ಒರಟು ಹೆಸರು ಕೂಡದು ಎಂಬುದು ಆತನ ಕಟ್ಟುನಿಟ್ಟು. ಆದರೂ ಕೆಲವು ಹೆಸರುಗಳು ಬೇಲಿ ಹಾರಿ ಒಳಗೆ ಬಂದೇ ಬಂದವು. ಅಡಿಕೆಯ ಅರೇಕಾ ಎಂಬುದು ನಮ್ಮ ಅಡಿಕೆ, ಅಡಕ್ಕ ಎಂಬ ಮಾತೇ. ಪೋರ್ತುಗೀಸರ ಬಾಯಲ್ಲಿ ಹಾಗಾಯಿತು. ಸಂಪಿಗೆಯ ಚಂಪಕ ಹಾಗೆಯೇ ಉಳಿದಿದೆ. ನಮ್ಮ ಗುಡ್ಡಗಳಲ್ಲಿ ಕೆಂಪಗೆ ಅರಳುವ ಕೇಪಳಕ್ಕೆ ಆತನಿತ್ತ ಇಕ್ಸೋರಾ ಎಂಬ ಹೆಸರು ಈಶ್ವರ ಶಬ್ದದಿಂದ ಬಂದದ್ದು. ಇಷ್ಟಾದರೂ ಆ ನಾಲ್ವರು ವೈದ್ಯಪಂಡಿತರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ದೇಶದೇಶಗಳ ಗಿಡಗಳನ್ನು ತರಲು ಲಿನ್ನೇಯಸನು ತನ್ನ ಶಿಷ್ಯರನ್ನು ಹೊರಡಿಸಿದನು. ಹಾಗೆ ಹೋದ ಹದಿನೇಳು ಮಂದಿಯಲ್ಲಿ ಏಳು ಮಂದಿ ಮರಳಿ ಬರಲಿಲ್ಲ. ಮೊದಲಿಗನಾದ ಟೆರ್ನ್‌ಸ್ಟ್ರೋಮ್ ಚೀನಾದ ದಾರಿಯಲ್ಲಿ 1746ರಲ್ಲಿ ಜ್ವರದಿಂದ ಸತ್ತನು. ಆತನ ಹೆಂಡತಿ ಮಕ್ಕಳು ಅನಾಥರಾದರು. ಆ ವಿಧವೆಯ ನಿಂದೆಯನ್ನು ಕೇಳಿದ ಮೇಲೆ ಮದುವೆಯಾಗದವರನ್ನೇ ಕಳುಹಿಸಲು ಗುರು ನಿಶ್ಚಯಿಸಿದನು. ಫೋರ್ಸ್‌ಕೋಲ್ 1763ರಲ್ಲಿ ಯೆಮನ್ ದೇಶದಲ್ಲಿ ಮಲೇರಿಯಕ್ಕೆ ಬಲಿಯಾದನು. ತನ್ನ ಹೆಸರಿನ ಹಿಂದೆ ಇಷ್ಟು ಯುವಕರ ಪ್ರಾಣವಿದೆಯೆಂಬುದು ಆತನನ್ನು ಕಾಡಿರಲೇಬೇಕು. ಶಿಷ್ಯರಲ್ಲಿ ಕ್ಯೋನಿಗ್ ಎಂಬವನು 1768ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದು, ದಕ್ಷಿಣ ಭಾರತದ ಗಿಡಗಳನ್ನು ಅಭ್ಯಸಿಸಿ, 1785ರಲ್ಲಿ ಈ ದೇಶದಲ್ಲೇ ತೀರಿಕೊಂಡನು. ನಾವು ದಿನವೂ ಒಗ್ಗರಣೆಗೆ ಹಾಕುವ ಕರಿಬೇವಿನ ಮುರ್ರಾಯಾ ಕ್ಯೋನಿಗಿ ಎಂಬ ಹೆಸರಿನಲ್ಲಿ ಆತನೂ, ಮುರ್ರೇ ಎಂಬ ಇನ್ನೊಬ್ಬ ಶಿಷ್ಯನೂ ಜೊತೆಯಾಗಿ ಇದ್ದಾರೆ.

ಮನೆಯ ವಿಷಯದಲ್ಲಿ ಲಿನ್ನೇಯಸನು ಹಳೆಯ ಕಾಲದವನೇ. ಹೆಣ್ಣುಮಕ್ಕಳಿಗೆ ಮನೆಗೆಲಸ ಬಂದರೆ ಸಾಕೆಂದಿದ್ದನು. ಆದರೂ ಹಿರಿಯ ಮಗಳು ಎಲಿಸಬೆತ್ ಕ್ರಿಸ್ಟಿನಾ, ಮುಸ್ಸಂಜೆಯಲ್ಲಿ ನಾಸ್ಟರ್ಷಿಯಮ್ ಹೂವುಗಳು ಮಿಂಚಿದಂತೆ ಕಾಣುವುದನ್ನು ಗಮನಿಸಿ, 1762ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, ಸ್ವೀಡನ್ನಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದಳು. ನಮ್ಮ ವಿದ್ಯಾರ್ಥಿನಿಯರು ಇದನ್ನು ಗಮನಿಸಲಿ. ಆತನ ತೋಟದಲ್ಲಿ ಮಂಗಗಳಿದ್ದವು. ಆಹಾರವನ್ನು ನೀರಿನಲ್ಲಿ ಅದ್ದಿ ತಿನ್ನುವ ರಕೂನ್ ಒಂದಿತ್ತು. ಅದನ್ನು ನಾಯಿ ಕಚ್ಚಿ ಕೊಂದಾಗ ಲಿನ್ನೇಯಸನು ಅತ್ತನೋ ಇಲ್ಲವೋ, ಸೀಳಿ ಪರೀಕ್ಷಿಸಿದ್ದು ಮಾತ್ರ ನಿಜ!

ಒಂದು ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ಮನುಷ್ಯನನ್ನೂ ಪ್ರಾಣಿಗಳ ಪಟ್ಟಿಯಲ್ಲಿ ವಾನರಗಳ ಜೊತೆಗೇ ಕೂರಿಸಿ, ಹೋಮೋ ಸೇಪಿಯನ್ಸ್ ಎಂಬ ಹೆಸರಿಟ್ಟದ್ದು ಆ ಕಾಲಕ್ಕೆ ದೊಡ್ಡ ಧೈರ್ಯ. ಆದರೆ ಅಲ್ಲಿಯೇ ನಿಲ್ಲದೆ ಮನುಷ್ಯರನ್ನು ಖಂಡಕ್ಕೊಂದರಂತೆ ನಾಲ್ಕು ಬಗೆಯಾಗಿ ಒಡೆದು, ಒಂದೊಂದು ಬಗೆಗೆ ಒಂದೊಂದು ಮೈಬಣ್ಣವನ್ನೂ ಸ್ವಭಾವವನ್ನೂ ಹಚ್ಚಿದನು. ಯೂರೋಪಿನವರಿಗೆ ಒಳ್ಳೆಯ ಗುಣಗಳು ಬಂದವು. ಏಷ್ಯದವರನ್ನೂ ಆಫ್ರಿಕದವರನ್ನೂ ಹೀನವಾಗಿ ಬಣ್ಣಿಸಿದನು. ಇದಕ್ಕೆ ಯಾವ ಆಧಾರವೂ ಇಲ್ಲವೆಂದು ಇಂದಿನ ವಿಜ್ಞಾನ ಹೇಳುತ್ತದೆ. ಹಲ್ಲನ್ನೂ ಕೇಸರವನ್ನೂ ಎಣಿಸಿ ನೋಡಿದ ಆ ಕಣ್ಣು ಇಲ್ಲಿ ಎಣಿಸದೆಯೇ ತೀರ್ಮಾನಿಸಿತು. ಜನರನ್ನು ಮೇಲು ಕೀಳೆಂದು ವಿಂಗಡಿಸಿದವರು ಮುಂದೆ ಈ ಪಟ್ಟಿಯನ್ನೇ ಬಳಸಿಕೊಂಡದ್ದರಿಂದ ಆದ ಕೇಡು ಸಣ್ಣದಲ್ಲ. ಇನ್ನು ಜಾತಿಗಳು ಸೃಷ್ಟಿಯಾದಂತೆಯೇ ಉಳಿದಿವೆ ಎಂಬ ಆತನ ಮೊದಲ ನಂಬಿಕೆ ಮಿಶ್ರತಳಿಗಳನ್ನು ಕಂಡು ಕೊನೆಕೊನೆಗೆ ಸಡಿಲಾಯಿತು. 1859ರಲ್ಲಿ ಡಾರ್ವಿನ್ನನ ಗ್ರಂಥ ಬಂದ ಮೇಲೆ, ಗುಂಪುಗಳೆಂದರೆ ಬರಿಯ ಕಪಾಟುಗಳಲ್ಲ, ವಂಶವೃಕ್ಷದ ಕೊಂಬೆಗಳು ಎಂದು ತಿಳಿಯಿತು. ಇಂದು ಜೀವಕೋಶದೊಳಗಿನ ಡಿಎನ್‌ಎಯನ್ನು ಹೋಲಿಸಿ ನೆಂಟಸ್ತಿಕೆಯನ್ನು ನಿರ್ಧರಿಸುತ್ತಾರೆ. ಲಿನ್ನೇಯಸನು ಮಿಕೇಲಿಯಾ ಎಂದ ಸಂಪಿಗೆ ಈಗ ಮ್ಯಾಗ್ನೋಲಿಯಾ ಮನೆತನಕ್ಕೆ ಸೇರಿದ್ದು ಇಂಥ ಹೋಲಿಕೆಗಳಿಂದಲೇ.

1774ರಲ್ಲಿ ಲಿನ್ನೇಯಸನಿಗೆ ಪಾರ್ಶ್ವವಾಯು ಬಡಿಯಿತು. ಮತ್ತೆ ಮತ್ತೆ ಬಡಿದು ನೆನಪೂ ಮಾತೂ ಕುಂದಿದವು. ಲೋಕಕ್ಕೆಲ್ಲ ಹೆಸರಿಟ್ಟವನಿಗೆ ಕಡೆಗೆ ತನ್ನ ಹೆಸರೇ ಮರೆಯುತ್ತಿತ್ತೆಂದು ಹೇಳುತ್ತಾರೆ. 1778ನೇ ಜನವರಿ 10ರಂದು ಆತನು ತೀರಿಕೊಂಡನು. ಮಗನು ಐದು ವರ್ಷಗಳಲ್ಲೇ ಮೃತನಾದ್ದರಿಂದ, ಸಾರಾ ಲೀಸಾ ಹೆಣ್ಣುಮಕ್ಕಳ ಬಾಳಿಗಾಗಿ ಗಂಡನ ಸಂಗ್ರಹವನ್ನೆಲ್ಲ ಮಾರಬೇಕಾಯಿತು. ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬ ಇಂಗ್ಲಿಷ್ ಯುವಕನು ಸಾವಿರ ಗಿನಿಗಳಿಗೆ ಅದನ್ನು ಕೊಂಡು 1784ರಲ್ಲಿ ಹಡಗಿನಲ್ಲಿ ಲಂಡನ್ನಿಗೆ ಸಾಗಿಸಿದನು. ಒಣಗಿಸಿದ ಸಾವಿರಾರು ಗಿಡಗಳು, ಕೀಟಗಳು, ಚಿಪ್ಪುಗಳು, ಪುಸ್ತಕಗಳು, ಮೂರು ಸಾವಿರದಷ್ಟು ಪತ್ರಗಳು ಅಲ್ಲಿನ ಲಿನ್ನೇಯನ್ ಸೊಸೈಟಿಯಲ್ಲಿ ಇಂದಿಗೂ ಜೋಪಾನವಾಗಿವೆ. ಯಾವ ಹೆಸರು ಯಾವ ಗಿಡಕ್ಕೆ ಎಂಬ ಸಂಶಯ ಬಂದರೆ ವಿಜ್ಞಾನಿಗಳು ಆ ಮಾದರಿಗಳನ್ನು ನೋಡುತ್ತಾರೆ. ಹಾಗಾದರೆ ಮನುಷ್ಯಜಾತಿಗೆ ಮಾದರಿ ಯಾವುದು ಎಂಬ ಪ್ರಶ್ನೆಗೆ ಬಹುಕಾಲ ಉತ್ತರವಿರಲಿಲ್ಲ. 1959ರಲ್ಲಿ ಸ್ಟರ್ನ್ ಎಂಬ ಸಸ್ಯಶಾಸ್ತ್ರಜ್ಞನು ಆ ಸ್ಥಾನಕ್ಕೆ ಲಿನ್ನೇಯಸನನ್ನೇ ಸೂಚಿಸಿದನು. ಹೀಗಾಗಿ ಹೋಮೋ ಸೇಪಿಯನ್ಸ್ ಎಂಬ ಜಾತಿಯ ಮಾದರಿ ಇರುವುದು ಲಂಡನ್ನಿನ ಕಪಾಟಿನಲ್ಲಲ್ಲ, ಉಪ್ಸಾಲದ ದೊಡ್ಡ ಇಗರ್ಜಿಯೊಳಗಿನ ಒಂದು ಕಲ್ಲುಚಪ್ಪಡಿಯ ಕೆಳಗೆ.